ಎರಡನೇ ಬಟನ್

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಸಣ್ಣಗೆ ‘ಟಿಣ್’ ಎಂದಿತು. ಮರುದಿನದ ಹದಿನೆಂಟು ಹೆಸರುಗಳೂ ಮುಗಿದವು ಎಂದರ್ಥ. ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿ ನಾನು ಹೊದಿಕೆ ಎಳೆದುಕೊಂಡು ಮಲಗಿದೆ.

ಚಾಮರಾಜನಗರದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ನನ್ನ ಕೆಲಸ. ಮರುದಿನ ಬರುವ ರೋಗಿಗಳ ಪಟ್ಟಿ ರಾತ್ರಿ ಹತ್ತಕ್ಕೆ ವೆಬ್‌ಸೈಟಿಗೆ ಬರುತ್ತದೆ. ಒಬ್ಬೊಬ್ಬರದೇ ಪುಟ ತೆರೆದು, ಅಲ್ಲಿರುವ ಎರಡು ಬಟನ್‌ಗಳಲ್ಲಿ ಎರಡನೆಯದಾದ ‘ಖಚಿತ’ ಒತ್ತಬೇಕು. ಒತ್ತಿದವರ ಊರಿಗೆ ಬೆಳಿಗ್ಗೆ ವ್ಯಾನ್ ಹೋಗುತ್ತದೆ. ಉಳಿದವರ ಹಾಸಿಗೆ ಕಾಯುತ್ತಿರುವ ಬೇರೊಬ್ಬರಿಗೆ. ಪುಟಗಳು ಎಷ್ಟು ನಿಧಾನವೆಂದರೆ ರಾತ್ರಿ ಒಂದು ಗಂಟೆಯವರೆಗೂ ಕೂರಬೇಕಿತ್ತು. ಅದಕ್ಕೇ ಕೋಡ್ ಬರೆದೆ. ಅದು ತಾನೇ ಬ್ರೌಸರ್ ತೆರೆದು, ನನ್ನ ಹೆಸರಿನಲ್ಲಿ ಒಳಹೋಗಿ, ಪ್ರತಿ ಪುಟದಲ್ಲೂ ಎರಡನೇ ಬಟನ್ ಒತ್ತುತ್ತಿತ್ತು. ಬಟನ್ ಮೇಲಿನ ಪದ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಬರುತ್ತಿದ್ದುದರಿಂದ ಜಾಗವನ್ನು ನಂಬುವುದೇ ಕ್ಷೇಮ ಅನ್ನಿಸಿತ್ತು. ನಾಲ್ಕು ತಿಂಗಳು ಒಂದೂ ತಪ್ಪಿರಲಿಲ್ಲ.

ಶನಿವಾರ, ಪುಣಜನೂರಿನ ಮರಿಮಲ್ಲಪ್ಪನವರ ಹಾಸಿಗೆಯಲ್ಲಿ ಬೇರೊಬ್ಬರಿದ್ದರು. ಕಂಪ್ಯೂಟರಿನಲ್ಲಿ ‘ರೋಗಿ ಬರಲು ನಿರಾಕರಿಸಿದ್ದಾರೆ’ ಎಂದಿತ್ತು. ಫೋನ್ ಮಾಡಿದೆ, ಸಿಗಲಿಲ್ಲ. ಆ ಊರಿನಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಪ್ರತಿ ಸಲವೂ ಹೊರಡುವಾಗ ಅವರು, “ಒಗ್ದ ಬಟ್ಟೆ ಹಿಂಡ್ದಂಗೆ ಹಿಂಡ್ಬುಡ್ತೀರಿ ಕಣಮ್ಮಿ. ಇನ್ ನಾ ಬರಕಿಲ್ಲ ಓಗು,” ಎನ್ನುತ್ತಿದ್ದರು.

“ಬರದಿದ್ರೆ ನಾನೇ ಬಂದು ಹೊತ್ಕೊಂಡ್ ಬರ್ತೀನಿ ತಾತ.”

“ಎದ್ರೆ ಗಾಳಿಗೆ ಬೀಳಂಗಿದ್ದೀಯೆ, ನೀ ಹೊರ್ತೀಯ?”

ಹೀಗೆ ಹೇಳಿದವರೇ ಮುಂದಿನ ಸಲ ಎಲ್ಲರಿಗಿಂತ ಮೊದಲು ವ್ಯಾನ್ ಹತ್ತಿರುತ್ತಿದ್ದರು. ಅದು ಗೊತ್ತಿದ್ದೂ ಕಂಪ್ಯೂಟರ್ ಹೇಳಿದ್ದನ್ನು ನಂಬಿದೆ.

ಭಾನುವಾರ ರಜೆ. ಆ ರಾತ್ರಿ, ಡಯಾಲಿಸಿಸ್ ತಪ್ಪಿದ್ದರಿಂದ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟಿ, ಆಸ್ಪತ್ರೆಯ ದಾರಿಯಲ್ಲೇ ಅವರು ತೀರಿಕೊಂಡರು.

ಸೋಮವಾರ ಅವರ ಪುಟ ತೆರೆದು ನೋಡಿದೆ. ಎಪ್ಪತ್ತು ದಾಟಿದವರ ಪುಟದಲ್ಲಿ ಮಾತ್ರ, ಎಲ್ಲಕ್ಕಿಂತ ಮೇಲೆ, ‘ಜೊತೆಗಾರರು ಬೇಕು’ ಎಂಬ ಹೊಸ ಬಟನ್ ಶುಕ್ರವಾರದಿಂದ ಬಂದಿತ್ತು. ಮೊದಲನೆಯದಾಗಿದ್ದ ‘ನಿರಾಕರಣೆ’ ಎರಡನೆಯದಾಗಿತ್ತು. ಶನಿವಾರದ ಪಟ್ಟಿಯಲ್ಲಿ ಎಪ್ಪತ್ತು ದಾಟಿದವರು ಮರಿಮಲ್ಲಪ್ಪ ಒಬ್ಬರೇ; ಸೋಮವಾರದ್ದರಲ್ಲಿ ಯಾರೂ ಇರಲಿಲ್ಲ. ಅಂದೇ ಕೋಡ್ ತಿದ್ದಿದೆ.

ಹತ್ತು ದಿನ ಕಳೆದು ಅವರ ಹೆಂಡತಿ ಗಂಗಾಂಬಿಕೆ ಕೇಂದ್ರದ ಕಾರ್ಡು ಹಿಂತಿರುಗಿಸಲು ಬಂದರು. ಕಾರ್ಡನ್ನು ಮೇಜಿನ ಮೇಲಿಟ್ಟು ನನ್ನ ಮುಂದೆ ಕೂತರು.

“ಕೂಸು, ಅವತ್ತು ಹೊತ್ತಾರೆನೇ ತಲೆ ಬಾಚ್ಕಂಡು ರೋಡ್ಗೋಗಿ ನಿಂತಿದ್ರು. ಹನ್ನೊಂದ್ ಗಂಟೆಗಂಟ. ವ್ಯಾನ್ ಡ್ರೈವರ್ ನೋಡುದ್ರೆ, ಅವ್ರೇ ಬ್ಯಾಡ ಅಂದವ್ರೆ ಅಂತಾನೆ. ಬ್ಯಾಡ ಅಂದೋರು ರೋಡ್ಗ್ಯಾಕೋದ್ರು? ನನ್ ಕಣ್ಗೆ ಮಣ್ಣೆರಚಕ್ಕಾ?”

ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿದೆ.

“ದಿಟ ಯೋಳು. ಬ್ಯಾಡ ಅಂದಿದ್ರಾ?”

“ಇಲ್ಲಿ ಹಾಗೇ ಬರ್ದಿದೆ ಅಜ್ಜಿ,” ಎಂದೆ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಾಗದಂತೆ ನೋಡಿಕೊಂಡೇ ಹೇಳಿದ್ದೆ.

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಐವತ್ ವರ್ಸ ಬಾಳಾಟ ಮಾಡುದ್ವಿ. ಸಾಯಕ್ಕೋಯ್ತೀನಿ ಅಂತ ನಂಗೊಂದ್ ಮಾತ್ ಯೋಳ್ಬೋದಿತ್ತು.”

ಆ ರಾತ್ರಿ ಕೋಡ್ ಅಳಿಸಿ, ಒಂದೊಂದೇ ಹೆಸರು ಓದಿ ಕೈಯಿಂದಲೇ ಒತ್ತಿದೆ. ಮುಗಿಯುವಾಗ ಗಂಟೆ ಒಂದೂಕಾಲು. ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು. ಹೇಳದಿದ್ದರೆ ಗಂಗಾಂಬಿಕೆ ಬದುಕಿರುವಷ್ಟು ದಿನವೂ ಗಂಡ ತನ್ನನ್ನು ಬೇಕೆಂದೇ ಬಿಟ್ಟುಹೋದರೆಂದು ನಂಬಿರುತ್ತಾರೆ. ಬೆಳಗಾಗುವವರೆಗೂ ಎರಡನ್ನೂ ಯೋಚಿಸಿದೆ. ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ ಬಸ್ಸಿಗೆ ಹೊರಟೆ.