ಸಾತಪ್ಪನ ವಾಕ್ಯ

ಸತ್ತ ಗಂಡ ಓದುತ್ತಿದ್ದ ಹಾಗೆಯೇ ದಿನಾ ಸಂಜೆ ಗಟ್ಟಿಯಾಗಿ ಇಂಗ್ಲಿಷ್ ಓದಬೇಕು ಎಂಬ ಕರಾರಿನ ಮೇಲೆ ನನಗೆ ಪರೀಕ್ಷೆಗೆ ಕೂಡಲು ಅಪ್ಪಣೆ ಸಿಕ್ಕಿತ್ತು. ಅಪ್ಪಣೆ ಕೊಟ್ಟವರು ನನ್ನ ಅತ್ತೆ ಚನ್ನವ್ವ. ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದು ಬೆಲ್ಲದ ವ್ಯಾಪಾರ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಗಾದಿಯ ಮೇಲೆ ಕೂತು ದರ ಹೇಳುತ್ತಿದ್ದರು. ಊರಿನ ದಲಾಲರೇ ಅವರಿಗೆ ಎದುರು ಮಾತಾಡುತ್ತಿರಲಿಲ್ಲ, ಇನ್ನು ನಾನು ಯಾವ ಗಿಡದ ತಪ್ಪಲು.

ಅದು ಮಹಾರಾಷ್ಟ್ರ ರಾಜ್ಯ ಆದ ಮರುವರ್ಷ. ನನ್ನ ಗಂಡ ಸಾತಪ್ಪ ವಿಷಮಜ್ವರದಲ್ಲಿ ತೀರಿಹೋಗಿ ಎರಡು ವರ್ಷವಾಗಿತ್ತು. ಮ್ಯಾಟ್ರಿಕ್ ಪಾಸಾದರೆ ನಾನು ಕೊಲ್ಲಾಪುರದಲ್ಲಿ ಟ್ರೇನಿಂಗಿಗೆ ಸೇರಿ ಮಾಸ್ತರಣಿ ಆಗಬಹುದಿತ್ತು. ಪಾಸಾಗದಿದ್ದರೆ ಆ ಮನೆಯ ಪಡಸಾಲೆಯಲ್ಲೇ ತಲೆ ನರೆಯುವುದು ಖಾತ್ರಿ. ಉಳಿದ ವಿಷಯಗಳನ್ನು ಹೇಗೋ ದಾಟುತ್ತಿದ್ದೆ, ಇಂಗ್ಲಿಷ್ ಮಾತ್ರ ದಾಟುತ್ತಿರಲಿಲ್ಲ. ಇಂಗ್ಲಿಷನ್ನು ಮರಾಠಿಯಲ್ಲಿ ಕಲಿತು, ತಿಳಿಯದಿದ್ದಾಗ ಕನ್ನಡದಲ್ಲಿ ಅಳುವ ಜನ ನಾವು.

ಸಾತಪ್ಪನೂ ಅದೇ ಇಂಗ್ಲಿಷಿನಲ್ಲಿ ವರ್ಷ ವರ್ಷ ನಪಾಸಾಗುತ್ತಿದ್ದ. ಸಂಜೆ ಪಡಸಾಲೆಯ ಕಂಬಕ್ಕೆ ಬೆನ್ನು ಹಚ್ಚಿ ಕೂತು, ಕಣ್ಣು ಮುಚ್ಚಿ, ಒಂದೇ ವಾಕ್ಯವನ್ನು ತಿರುಗಿ ತಿರುಗಿ ಹೇಳುತ್ತಿದ್ದ. ನಾನು ಅವನ ಜೊತೆ ಬಾಳಿದ್ದು ಒಂದು ಮಳೆಗಾಲ, ಒಂದು ಚಳಿಗಾಲ ಅಷ್ಟೆ. ಅವನ ಮುಖ ಮರೆಯುತ್ತ ಬಂದಿತ್ತು, ದನಿ ಮರೆತಿರಲಿಲ್ಲ. ಅತ್ತೆಗಂತೂ ಆ ವಾಕ್ಯ ಬಾಯಿಪಾಠವಾಗಿತ್ತು. ಅಕ್ಷರ ಬಾರದ ಆ ಹೆಂಗಸು ಅದನ್ನು ಮಂತ್ರದ ಹಾಗೆ ಒಂದೇ ಉಸಿರಿನಲ್ಲಿ ನನಗೆ ಹೇಳಿಕೊಟ್ಟರು.

"ದೋವಾಯಾಮಟಾರ್ಡಾಪದಿಸ ಶಿಹೂಬೋರಮಿವಿಲ್ನಾಟಲೆಟಮಿಗೋ."

ಎಲ್ಲಿ ಶುರು, ಎಲ್ಲಿ ಕೊನೆ, ಎಲ್ಲಿ ಉಸಿರು ಬಿಡಬೇಕು, ಒಂದೂ ತಿಳಿಯುತ್ತಿರಲಿಲ್ಲ.

"ಇದರ ಅರ್ಥ ಏನ್ರೀ ಅತ್ತಿ?" ಎಂದು ಕೇಳಿದೆ.

"ಅರ್ಥ ಕಟಗೊಂಡ ನಿನಗೇನ ಆಗೂದೈತಿ? ಅಂವ ಅಂದಂಗ ಅನ್ನ," ಎಂದರು.

ನಾನು ಅಂದೆ. ದಿನಾ ದೀಪ ಹಚ್ಚುವ ಹೊತ್ತಿಗೆ ಅದೇ ಕಂಬಕ್ಕೆ ಒರಗಿ ಅಂದೆ. ದನಿ ಇಳಿಸು, ಇನ್ನೊಂದು ಚೂರು ಎಳೆ ಎಂದು ಅತ್ತೆ ತಿದ್ದುತ್ತಿದ್ದರು. ತಿದ್ದಿಸಿಕೊಂಡು ತಿದ್ದಿಸಿಕೊಂಡು, ಮಳೆಗಾಲ ಅರ್ಧ ಕಳೆಯುವಷ್ಟರಲ್ಲಿ ನನ್ನ ಗಂಟಲೇ ದಪ್ಪವಾಗಿತ್ತು. ಒಂದು ಸಂಜೆ ಪಕ್ಕದ ಮನೆಯ ಯಮುನಾಬಾಯಿ ಹೆಪ್ಪು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಗಬಾಯಿ, ಸಾತಪ್ಪ ಮಾತಾಡಿದಂಗ ಕೇಳ್ತು," ಎಂದವಳು ಹೆಪ್ಪು ಒಯ್ಯದೆ ಹೊರಟುಹೋದಳು. ಅತ್ತೆಯ ಮುಖದ ಮೇಲೆ ಅವತ್ತು ಸಮಾಧಾನ ಕಂಡಿತು.

ಸತ್ತವರು ಶಿವನ ಪಾದ ಸೇರುತ್ತಾರೆ, ನಮ್ಮವರು ದೆವ್ವ ಆಗುವುದಿಲ್ಲ ಎಂದು ಮಠದ ಅಯ್ಯನವರು ಹೇಳುತ್ತಾರೆ. ಇರಬಹುದು. ಆದರೆ ನಾನು ಓದು ನಿಲ್ಲಿಸಿದ ಮೇಲೂ ಆ ವಾಕ್ಯ ನಿಲ್ಲುತ್ತಿರಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ, ಬಾವಿಗೆ ಕೊಡ ಇಳಿಬಿಡುವಾಗ, ಬಾಯಿ ಮುಚ್ಚಿದ್ದರೂ ಅದು ನನ್ನೊಳಗೆ ನಡೆದೇ ಇರುತ್ತಿತ್ತು. ಅದು ನನ್ನ ದನಿಯಾಗಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು, ಯಾರಿಗೂ ಹೇಳುವಂತಿರಲಿಲ್ಲ.

ಒಂದು ಸಂಜೆ ಧೈರ್ಯ ಮಾಡಿ ಪುಸ್ತಕದ ಬೇರೆ ಪಾಠ ಓದಿದೆ.

"ಇದ ಯಾರ ದನಿ?" ಎಂದರು ಅತ್ತೆ.

"ನಂದರಿ."

"ನಿಂದ ಕೇಳಾಕ ಕುಂತಿಲ್ಲ ನಾ. ಅಂವನಂಗ ಓದಲಿಲ್ಲಂದ್ರ ಕೊಲ್ಲಾಪುರಾನೂ ಇಲ್ಲ, ಗಿಲ್ಲಾಪುರಾನೂ ಇಲ್ಲ."

ಅಷ್ಟು ಹೇಳಿ ಎದ್ದು ಹೋದವರು ಅವತ್ತು ಊಟ ಮಾಡಲಿಲ್ಲ. ಮರುದಿನ ನಾನು ಮತ್ತೆ ಕಂಬಕ್ಕೆ ಒರಗಿದೆ.

ಇಂಗ್ಲಿಷ್ ಕಲಿಸಲು ಧರಣೇಂದ್ರ ಮಾಸ್ತರರು ಮನೆಗೆ ಬರುತ್ತಿದ್ದರು. ಸಾತಪ್ಪನಿಗೆ ಕಲಿಸಿದವರೂ ಅವರೇ. ಬಾಯಿಪಾಠ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಘೋಕಂಪಟ್ಟಿ ಬಿಡವಾ ಗೌರವ್ವ," ಎಂದರು. "ವಾಕ್ಯ ಅಂದರ ಒಂದ ಮನಿ ಇದ್ದಂಗ. ಒಬ್ಬಾವನ ಇದ್ದರ ಕೇವಲ ವಾಕ್ಯ. ಅಣ್ತಮ್ಮರು ಬ್ಯಾರೆ ಬ್ಯಾರೆ ಒಲಿ ಹೂಡಿ, ನಡುವಿನ ಗೋಡಿ ಒಂದ ಹಂಚಗೊಂಡರ ಸಂಯುಕ್ತ ವಾಕ್ಯ. ಒಬ್ಬಾವ ಯಜಮಾನ, ಉಳದಾವ್ರು ಅಂವನ ಆಸರಿಗಿ ಇದ್ದರ ಮಿಶ್ರ ವಾಕ್ಯ. ಮೊದಲ ಯಜಮಾನ ಯಾರು ಅಂತ ನೋಡು. ಆಸರಿಗಿ ಇದ್ದಾವ್ರು ತಾವ ಗೊತ್ತಾಗ್ತಾರ."

ನಮ್ಮ ಮನೆಯಲ್ಲಿ ಯಜಮಾನ ಯಾರೆಂದು ಕೇಳಬೇಕಾಗಿರಲಿಲ್ಲ, ಹಾಗಾಗಿ ಪಾಠ ಬೇಗ ತಲೆಗೆ ಹತ್ತಿತು. 'ದೋ', ಅಂದರೆ 'ಆದರೂ', ಎಂದು ಶುರುವಾದರೆ ಅದು ಆಸರೆಯ ವಾಕ್ಯ, ಯಜಮಾನ ಮುಂದೆ ಬರುತ್ತಾನೆ. 'ಹೂ', ಅಂದರೆ 'ಯಾರು', ಬಂದರೆ ನಡುವೆ ಇನ್ನೊಂದು ಸಣ್ಣ ವಾಕ್ಯ ಹೊಕ್ಕಿದೆ. ಕಂಡ ಕಂಡ ವಾಕ್ಯಗಳನ್ನು ಸೊಪ್ಪು ಸೋಸಿದ ಹಾಗೆ ಬಿಡಿಸಿ ಬಿಡಿಸಿ ನೋಡತೊಡಗಿದೆ. ಪಾಸಾದೇನು ಎಂಬ ಧೈರ್ಯ ಬಂದದ್ದು ಆಗಲೇ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತ ಕೂತಿದ್ದೆ, ಒಳಗೆ ಆ ವಾಕ್ಯ ತನ್ನ ಪಾಡಿಗೆ ನಡೆದಿತ್ತು. ಬಡಿಯುವ ಕೈಗೆ ಸರಿಯಾಗಿ ಅದು ತಾನೇ ತುಂಡಾಯಿತು. ದೋ ಐ ಆಮ್ ಟಾಯರ್ಡ್ ಆಫ್ ದಿಸ್. ಇದು ಆಸರೆಯದು. ಶೀ ವಿಲ್ ನಾಟ್ ಲೆಟ್ ಮೀ ಗೋ. ಇದು ಯಜಮಾನ. ನಡುವೆ, ಹೂ ಬೋರ್ ಮೀ. ನನ್ನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ನನಗೆ ಇದು ಸಾಕಾಗಿದೆ, ಆದರೂ ನನ್ನನ್ನು ಹೆತ್ತವಳು ನನ್ನನ್ನು ಹೋಗಲು ಬಿಡುವುದಿಲ್ಲ.

ಇಂಥ ವಾಕ್ಯ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅವತ್ತು ಪಾಠಕ್ಕೆ ಬಂದ ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ ಕೂತರು.

"ನಿನ್ನ ಸ್ವಂತದ್ದೊಂದ ಮಿಶ್ರ ವಾಕ್ಯ ಮಾಡು ಅಂದಿದ್ದೆ ಅಂವಗ. ಇದನ್ನ ಮಾಡಿದ," ಎಂದರು. "ಅಂವಗ ಇಚಲಕರಂಜಿಗೆ ಹೋಗಿ ಬಟ್ಟಿ ನೇಯೂ ಮಾಗ ನಡಸೂದಿತ್ತವಾ. ಗೆಳ್ಯಾ ಭರಮಪ್ಪ ಅಲ್ಲಿ ಮಾಗ ಹಾಕಿದ್ದ, ಇಂವನ್ನೂ ಕರದಿದ್ದ. ನಮ್ಮ ಮನಿತಾನದಾವ್ರು ನೂಲ ಹಿಡ್ಯಾಕ ಹುಟ್ಟಿಲ್ಲ, ಮಗಾ ಸಾಹೇಬ ಆಗಬೇಕು ಅಂತ ನಿಮ್ಮತ್ತಿ ಹಟಾ ಹಿಡದ ಕುಂತ್ರು. ಅಂವ ಬರದದ್ದರಾಗ ತಪ್ಪಿಲ್ಲದ್ದು ಇದೊಂದ ವಾಕ್ಯ."

ಅವತ್ತಿನಿಂದ ಅತ್ತೆಯೆದುರು ಕೂತು ಓದುವುದು ನರಕವಾಯಿತು. ಮಗನ ದನಿ ಕೇಳುತ್ತ ಅವರು ಕಣ್ಣು ಮುಚ್ಚುತ್ತಿದ್ದರು, ಆ ದನಿ ಅವರನ್ನೇ ದೂರುತ್ತಿತ್ತು. ಅಯ್ಯೋ ಪಾಪ ಅನ್ನಿಸುತ್ತಿತ್ತು. ಅವನಿಗೆ ಮಾಡಿದ್ದನ್ನೇ ನನಗೂ ಮಾಡುತ್ತಿದ್ದಾರಲ್ಲ ಎಂದು ಮರುಗಳಿಗೆಯಲ್ಲೇ ಸಿಟ್ಟು ನೆತ್ತಿಗೇರುತ್ತಿತ್ತು. ಹೇಳಿಬಿಟ್ಟರೆ ಮುದುಕಿ ಎದೆಯೊಡೆದು ಸತ್ತಾಳು. ಹೇಳದಿದ್ದರೆ ಈ ದನಿ ನನ್ನ ಗಂಟಲು ಬಿಡುವುದಿಲ್ಲ, ಪರೀಕ್ಷೆಗೂ ಬೆನ್ನು ಹತ್ತಿ ಬರುತ್ತದೆ. ಸ್ವಂತದ್ದೊಂದು ವಾಕ್ಯ ಬರೆಯಲು ಕೂತರೆ ನನ್ನ ಕೈ ಸಾತಪ್ಪನ ವಾಕ್ಯವನ್ನೇ ಬರೆಯುತ್ತಿತ್ತು.

ಮಹಾನವಮಿ ಅಮಾವಾಸ್ಯೆಯ ಮಧ್ಯಾಹ್ನ ನಾನು ಕೊಲ್ಲಾಪುರದ ಎಸ್.ಟಿ. ಬಸ್ಸು ಹಿಡಿಯಬೇಕಿತ್ತು, ಮರುದಿನ ಅಕ್ಟೋಬರಿನ ಪರೀಕ್ಷೆ. ಅವತ್ತು ನಮ್ಮಲ್ಲಿ ತೀರಿಹೋದವರಿಗೆ ಎಡೆ ಇಡುವ ದಿನ. ಅವರಿಗೆ ಸೇರುತ್ತಿದ್ದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರು ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುವ ತನಕ ಒಳಗೆ ಯಾರೂ ಕಾಲಿಡುವಂತಿಲ್ಲ. ಅತ್ತೆ ಹೋಳಿಗೆ ಬಡಿಸಿದರು, ಎಣ್ಣೆಗಾಯಿ ಬಡಿಸಿದರು, ಶೇಂಗಾ ಹಿಂಡಿ ಬಡಿಸಿದರು. ಆದರೆ ಬಾಗಿಲು ಹಾಕಲಿಲ್ಲ.

"ಗೌರವ್ವ, ಕುಂಡ್ರ ಇಲ್ಲಿ," ಎಂದರು. "ಅಂವಗ ಅದನ್ನೂ ಬಡಸ."

ನಾನು ಕೂಡಲಿಲ್ಲ. "ಅತ್ತಿ, ಇವತ್ತ ಬ್ಯಾಡ್ರಿ. ಅದು ಎಡಿ ಮುಂದ ಆಡೂ ಮಾತಲ್ರಿ."

ಅತ್ತೆ ನನ್ನನ್ನೇ ನೋಡಿದರು. "ಕಡೀಕೂ ತಿಳೀತನು ನಿನಗ?"

ನಾನು ತಲೆಯಾಡಿಸಿದೆ.

"ಅಂವನ್ನ ಮಣ್ಣ ಮಾಡಿ ಬಂದ ದಿನಾನ ನಾ ಮಾಸ್ತರನ್ನ ಕೇಳಿದ್ನಿ. ಜ್ವರದಾಗೂ ಇದನ್ನ ಅಂತಿದ್ದ, ಏನಂತ ಹೇಳ್ರಿ ಅಂದ್ನಿ. ಅಳಕೋತ ಹೇಳಿದ್ರು."

"ಹಂಗಿದ್ರ ದಿನಾ ಯಾಕ ಅನಸ್ತಿದ್ರಿ?"

"ಬೈಸಿಕೊಳ್ಳಾಕ," ಎಂದರು ಅತ್ತೆ. "ಇದ್ದಾಗ ಒಂದಿನಾನೂ ನನಗ ಎದರ ಮಾತಾಡಲಿಲ್ಲ ಅಂವ. ನನಗ ತಿಳೀಬಾರದಂತ ಇಂಗ್ಲೀಷಿನ್ಯಾಗ ಬೈದ. ಹೋದ ಮ್ಯಾಲರೆ ಬೈಲಿ ಅಂತ ನಿನ್ನ ಬಾಯಿಲೆ ಅನಸಿದ್ನಿ. ನೀ ಪಾಸಾಗಿ ಹೋದ್ರ ನನ್ನ ಬೈಯಾವ್ರು ಯಾರದಾರ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ದಿನ ಒಂದೇ ಒಲೆಯ ಅನ್ನ ಉಂಡಿದ್ದರೂ ಈ ಹೆಂಗಸಿನ ಗುರುತೇ ನನಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಎಡೆಯ ಎಲೆ ಮಸುಕಾಯಿತು.

"ಇಂಗ್ಲೀಷಿನ್ಯಾಗ ಸಾಕಾತು," ಎಂದರು. "ಒಮ್ಮೆ ನಮ್ಮ ಮಾತಿನ್ಯಾಗ, ನನ್ನ ಮಾರಿ ನೋಡಿ ಅನ್ನು. ಆಮ್ಯಾಲ ನಿನ್ನ ಹಾದಿ ನಿನಗ."

ಕಂಬಕ್ಕೆ ಒರಗಿ ಕೂತೆ. ದನಿ ಇಳಿಸಬೇಕಾಗಲಿಲ್ಲ, ಅದು ತಾನೇ ಇಳಿದು ಬಂತು.

"ಯವ್ವಾ, ನನಗ ಸಾಕಾಗೇತಿ. ಹಡದಾಕಿ ನೀನ, ನನ್ನ ಹೋಗಾಕ ಬಿಡವಲ್ಲಿ."

ಯವ್ವಾ ಎನ್ನುವ ಮಾತು ಆ ವಾಕ್ಯದಲ್ಲಿ ಇರಲಿಲ್ಲ. ಅದನ್ನು ನಾನು ಸೇರಿಸಿದ್ದೂ ಅಲ್ಲ.

ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡು ಎಲೆಯ ಕಡೆ ತಿರುಗಿ ಕೂತರು. ಆಮೇಲೆ, ಗಾದಿಯ ಮೇಲೆ ದರ ಹೇಳುವಾಗಿನ ಅದೇ ಗಟ್ಟಿ ದನಿಯಲ್ಲಿ ಅಂದರು.

"ಹೋಗಪ್ಪಾ. ಇಚಲಕರಂಜಿಗೆ ಹೋಗ."

ಮನೆಯಿಂದ ಹೊರಟವರಿಗೆ ನಾವು ಬರೀ ಹೋಗು ಎನ್ನುವುದಿಲ್ಲ. ಅತ್ತೆ ಅವತ್ತು ಅಷ್ಟನ್ನೇ ಅಂದರು.

ಇಬ್ಬರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿ ಕಟ್ಟೆಯ ಮೇಲೆ ಕೂತೆವು. ನನ್ನೊಳಗೆ ಯಾವ ದನಿಯೂ ಇರಲಿಲ್ಲ. ಬಾಗಿಲ ಹಿಂದೆ ಸಪ್ಪಳವಿರಲಿಲ್ಲ. ಬಹಳ ಹೊತ್ತಿನ ಮೇಲೆ ಅತ್ತೆ ನನ್ನ ಚೀಲ ಎತ್ತಿ ಕೈಗೆ ಕೊಟ್ಟರು.

"ಮೋಟರ ತಪ್ಪೀತು, ನಡಿ," ಎಂದರು. ನಾನು ಬಗ್ಗಿ ಕಾಲು ಮುಟ್ಟಿದೆ. ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು, ಹಿಡಿದ ಕೈಯನ್ನು ತಟ್ಟನೆ ಬಿಡಲಿಲ್ಲ.

"ಹೋಗಿ ಬಾ," ಎಂದರು. "ನೀನರೆ ಬಾ."