ಅರ್ಧ ಸ್ಲ್ಯಾಬು

"ಇದನ್ನೂ ಮನೆ ಅಂತ ಬರೀಬೇಕಾ? ಹಂದಿ ಕೂಡ ಒಳಗೆ ಹೋಗೋಕೆ ಹೇಸುತ್ತೆ."

ಸರ್ವೆ ಸಾಹೇಬ ನಮ್ಮ ತಗಡಿನ ಬಾಗಿಲನ್ನು ಬೂಟುಗಾಲಿನಿಂದ ಒದ್ದ. ಒಳಗೆ ಮಲಗಿದ್ದ ನನ್ನ ಕೂಸು ಕಿಟಾರನೆ ಕಿರುಚಿತು. ನಾನು ನಾಲ್ಕು ಮಾರು ದೂರದಲ್ಲಿ, ಕಟ್ಟಡದ ಬುಡದಲ್ಲಿ, ಕಾಂಕ್ರೀಟಿನ ಬಾಂಡ್ಲಿ ಹೊತ್ತು ನಿಂತಿದ್ದೆ. ಅಂದು ಸ್ಲ್ಯಾಬು ಹಾಕುವ ದಿನ. ಮಿಕ್ಸರಿನಿಂದ ಮಹಡಿಯವರೆಗೆ ಮೂವತ್ತು ಹೆಂಗಸರ ಸಾಲು.

ಜನರಿಗೆ ಮನೆ ಸಾಲುತ್ತಿಲ್ಲವೆಂದು ಸರ್ಕಾರ ಹೊಸ ಕಾನೂನು ತಂದಿತ್ತು. ಮೂರೇ ಅಂತಸ್ತು ಕಟ್ಟಬಹುದಿದ್ದ ಬೀದಿಯಲ್ಲಿ ಇನ್ನು ಮುಂದೆ ಹನ್ನೊಂದು ಅಂತಸ್ತು ಕಟ್ಟಬಹುದು. ಬದಲಿಗೆ, ಆ ಜಾಗದಲ್ಲಿ ಮೊದಲಿನಿಂದ ಇದ್ದವರಿಗೆ ಅಲ್ಲೇ ಒಂದೊಂದು ಮನೆ ಕೊಡಬೇಕು. ಹನ್ನೊಂದಂತಸ್ತು ಕಟ್ಟಡದ ಮಾಲೀಕನಿಗೆ ಬಾಯಿಪಾಠವಾಗಿತ್ತು. ಉಳಿದದ್ದು ಮರೆತಿತ್ತು. ಸಾಹೇಬ ತನ್ನ ಪಟ್ಟಿಯಲ್ಲಿ ನಮ್ಮ ಹದಿನಾಲ್ಕು ಗುಡಿಸಲುಗಳ ಎದುರು ‘ಖಾಲಿ ಜಾಗ’ ಎಂದು ಗೀಚಿದ.

"ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದೀವಿ ಸಾಹೇಬ್ರೆ," ಎಂದಳು ಸಾಲಿನಲ್ಲಿ ನನ್ನ ಮುಂದಿದ್ದ ನನ್ನತ್ತೆ.

"ಇಟ್ಟಿಗೆ ಗೋಡೆ ಇಲ್ದಿದ್ರೆ ಅದು ಮನೆ ಅಲ್ಲ ಮುದುಕಿ. ಸಂಜೆ ಬುಲ್ಡೋಜರ್ ಬರುತ್ತೆ, ಪಾತ್ರೆಪಗಡಿ ಎತ್ಕೋ."

ಊರಿಗೆಲ್ಲ ಇಟ್ಟಿಗೆ ಹೊತ್ತವರು ನಾವು. ಎಲ್ಲರೂ ಮೇಸ್ತ್ರಿಯ ಮುಖ ನೋಡಿದೆವು. "ನೋಡೋಣ, ದೊಡ್ಡೋರು ಹೇಳ್ದಂಗೆ," ಎಂದು ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಅತ್ತೆ ಬಾಂಡ್ಲಿ ಕೆಳಗಿಟ್ಟು ಪಕ್ಕದಲ್ಲೇ ಕುಕ್ಕರಿಸಿದಳು. ನಾನೂ ಇಟ್ಟೆ. ಒಬ್ಬೊಬ್ಬಳಾಗಿ ಇಡೀ ಸಾಲು ಮಹಡಿಯವರೆಗೂ ಕೂತಿತು. ಸ್ಲ್ಯಾಬು ಅರ್ಧವಾಗಿತ್ತು. ನಡುವೆ ನಿಂತರೆ ಆಮೇಲೆ ಹಾಕಿದ ಕಾಂಕ್ರೀಟಿನ ಮಾಲು ಹಳೆಯದಕ್ಕೆ ಕೂಡುವುದಿಲ್ಲ. ಸೋರುತ್ತದೆ, ಒಡೆದೇ ತೆಗೆಯಬೇಕು. ಅದು ನಮಗೂ ಗೊತ್ತು, ಮಾಲೀಕನಿಗೂ ಗೊತ್ತು.

"ಏಳ್ರೇ ಮುಂಡೇರಾ, ಮಾಲು ಗಟ್ಟಿ ಆಗ್ತಿದೆ," ಎಂದು ಮಾಲೀಕ ಅರಚಿದ.

"ಮುಂಡೇನೇ ಕಣಪ್ಪ. ನನ್ನ ಗಂಡ ಬಿದ್ದು ಸತ್ತಿದ್ದು ನಿನ್ನ ಕಟ್ಟಡದಿಂದ್ಲೇ. ಖಾಲಿ ಅಂತ ಬರ್ದಿದ್ದು ಹೊಡೆದುಹಾಕಿ, ಹದಿನಾಲ್ಕು ಮನೆ ಅಂತ ಸಾಹೇಬ್ರು ಬರೀಲಿ, ಸಹಿ ಹಾಕ್ಲಿ. ಏಳ್ತೀವಿ," ಎಂದಳು ಅತ್ತೆ.

ಮದುವೆಯಾದಾಗಿನಿಂದ ಈ ಅತ್ತೆಯ ಬಾಯಿಗೆ ಹೆದರಿ ಬದುಕಿದವಳು ನಾನು. ಅವತ್ತು ಆ ಬಾಯಿ ನನ್ನದೂ ಅನ್ನಿಸಿ ಹೆಮ್ಮೆಯಾಯಿತು.

ಮೇಸ್ತ್ರಿ ಕೈಮುಗಿದ. ಯಾರೂ ಏಳಲಿಲ್ಲ. ಬಿಸಿಲೇರಿತು. ಮಾಲೀಕನು ಸರ್ವೆ ಸಾಹೇಬನ ಮುಖ ನೋಡಿದ. ಸಾಹೇಬ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಅತ್ತೆ ಬಾಂಡ್ಲಿಯ ಅಂಚಿನಲ್ಲಿ ಗಟ್ಟಿಯಾಗುತ್ತಿದ್ದ ಮಾಲಿಗೆ ಹೆಬ್ಬೆರಳು ಒತ್ತಿ ನೋಡಿದಳು. ಗುರುತು ಬೀಳಲಿಲ್ಲ.

"ನಿಧಾನಕ್ಕೆ ಬರೀರಿ ಸಾಹೇಬ್ರೆ," ಎಂದಳು. "ನಮಗೇನೂ ಅವಸರ ಇಲ್ಲ."