ಒಳ್ಳೇ ಕೇಸು

"ಆಮೇಲೆ?" ಎಂದುಬಿಟ್ಟ ಸಣ್ಣ ಮೇಡಂ, ಕತೆ ಕೇಳುವವರಂತೆ ಹಾಗೆ ಕೇಳಬಾರದೆಂದು ಕಲಿತದ್ದು ನೆನಪಾಗಿ ತುಟಿ ಕಚ್ಚಿಕೊಂಡಳು.

ಎದುರಿಗೆ ಕೂತ ಟೈಲರಮ್ಮನಿಗೆ ಅದರಿಂದ ಏನೂ ಅನಿಸಿದಂತಿರಲಿಲ್ಲ. "ಆಮೇಲೇನು? ಸಂಜೆ ಗಡಿ ಬೇಲಿ ಗೇಟು ಮುಚ್ಚಿದ್ರು. ಆಚೆ ಕೂಲಿಗೆ ಹೋದೋರೆಲ್ಲ ವಾಪಸ್ ಬಂದ್ರು, ನಮ್ಮೆಜಮಾನ್ರು ಬರ್ಲಿಲ್ಲ. ಸಿಪಾಯಿನ ಕೇಳಿದ್ರೆ, ಹೋದೋರ ಲೆಕ್ಕ ಬಂದೋರ ಲೆಕ್ಕ ಎರಡೂ ಸರಿಯಾಗಿದೆ, ನಿನ್ ಗಂಡ ಹೋಗೇ ಇಲ್ಲ ಅಂದ."

ಟೈಲರಮ್ಮನ ಬೆನ್ನ ಹಿಂದೆ ಗೋಡೆಗಂಟಿದ ಸ್ಟೂಲಿನ ಮೇಲೆ ದೊಡ್ಡ ಮೇಡಂ ಕೂತಿದ್ದರು. ಕಲಿಯಲು ಬಂದವರು ರೋಗಿಯ ಜೊತೆ ಮಾತಾಡುವಾಗ ಕಲಿಸುವವರು ಹಿಂದೆ ಕೂತಿರಬೇಕು, ಬೆಂಕಿ ಬಿದ್ದರೂ ಬಾಯಿ ಬಿಡಬಾರದು. ಈ ನಿಯಮ ಮಾಡಿದವರು ಅವರೇ.

ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಯ ಫ್ರಿಜ್ಜು ಇಡುತ್ತಿದ್ದ ಮೂಲೆಯ ಕೋಣೆ ಅದು. ಆ ಗಡಿಯೂರಿನಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋದರೆಂದು ಹೆಸರು ಬಂದರೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡು ಸಿಗುವುದು ಕಷ್ಟ, ಗಂಡಸರಿಗೆ ಕೂಲಿ ಸಿಗುವುದು ಕಷ್ಟ. ಅದಕ್ಕೇ ಜ್ವರ, ಸಕ್ಕರೆ, ಬಿಪಿ ಎಲ್ಲದಕ್ಕೂ ಇರುವ ಒಂದೇ ಸಾಲಿನಲ್ಲಿ ಮನಸ್ಸಿನ ಚಿಕಿತ್ಸೆಯನ್ನೂ ಸೇರಿಸಿದ್ದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತುತ್ತಲೇ "ನಿದ್ದೆ ಬರ್ತಿದ್ಯಾ?" ಎಂದು ಕೇಳುವರು. ಉತ್ತರ ಹಿಡಿಸದಿದ್ದರೆ ತಾವೇ ಎದ್ದು ಮೂಲೆ ಕೋಣೆಗೆ ಕರೆತಂದು, ದೊಡ್ಡ ಮೇಡಂ ಕಡೆ ಕೈತೋರಿಸಿ "ಇವ್ರೂ ನಮ್ಮೋರೇ" ಎಂದು ಕೂರಿಸಿ ಹೋಗುವರು. ಆ ಕೋಣೆಯಲ್ಲಿ ಕೆಲಸ ಕಲಿಯಲೆಂದು ಪ್ರತಿವರ್ಷ ನಗರದಿಂದ ಹೊಸ ತಂಡ ಬರುತ್ತಿತ್ತು. ಕಲಿತದ್ದೇ ತಡ, ಗಂಟುಮೂಟೆ ಕಟ್ಟುತ್ತಿತ್ತು. "ಇಲ್ಲೇ ಇರೋಕೆ ಅವ್ರಿಗೇನು ಹುಚ್ಚಾ?" ಎಂದು ಡಾಕ್ಟರು ನಗೆಯಾಡುತ್ತಿದ್ದರು. ಅವರೊಬ್ಬರೇ ನಗುತ್ತಿದ್ದರು.

ಪ್ರತಿ ತಂಡಕ್ಕೂ ಮೊದಲ ಪಾಠ ಟೈಲರಮ್ಮ. ಉಳಿದವರು ಹೊಟ್ಟೆಯುರಿ, ತಲೆಭಾರ ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡರೆ, ಬಿಪಿ ಮಾತ್ರೆಗೆ ಬರುವ ಈಕೆ ಮಾತ್ರ ಗಂಡ ಹೋದ ದಿನವನ್ನು ಬೆಳಗಿನಿಂದ ಹಿಡಿದು ಹೇಳುವಳು. ಅಳಬೇಕಾದಲ್ಲಿ ಅತ್ತು, ಮೂಗೊರೆಸಿಕೊಂಡು ಮುಂದುವರಿಸುವಳು. ಹೋದ ವರ್ಷ ಬಂದಿದ್ದ ಎತ್ತರದ ಹುಡುಗಿಯೊಬ್ಬಳು ಗಾಬರಿಯಾಗಿ ತಡವರಿಸಿದಾಗ ಇವಳೇ ಕೈಹಿಡಿದು ದಾಟಿಸಿದ್ದಳು. "ಸಾಯ್ಬೇಕು ಅನ್ಸುತ್ತಾ ಅಂತ ಕೇಳೋದು ಬಿಟ್ಯಲ್ಲ ಮಗಳೇ! ಅದು ಕೇಳ್ದೇ ಹೋದ್ರೆ ನಿಮ್ ಮೇಡಂ ಬಿಡ್ತಾರಾ? ಮೊದ್ಲು ಅನ್ಸ್ತಿತ್ತು, ಈಗಿಲ್ಲ. ಹೂಂ, ಬರ್ಕೋ." ದೊಡ್ಡ ಮೇಡಂ ಇದನ್ನು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದರೋ. ಒಳ್ಳೇ ಕೇಸು ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದರು. ಪ್ರೀತಿ ಇತ್ತು, ಸುಳ್ಳಲ್ಲ.

ಇವತ್ತು ಈ ಸಣ್ಣ ಮೇಡಂ ಹುಡುಗಿಯೂ ಅದೇ ಪ್ರಶ್ನೆಯನ್ನು ಮರೆತಳು. ನಿದ್ದೆ ಕೇಳಿದಳು, ಊಟ ಕೇಳಿದಳು, "ಮುಂದಿನ ತಿಂಗ್ಳು ಸಿಗೋಣ ಅಮ್ಮ" ಎಂದು ಮುಗಿಸಿಯೂಬಿಟ್ಟಳು. ದೊಡ್ಡ ಮೇಡಂ ಕಾದರು. ಟೈಲರಮ್ಮ ಹೇಳಿಕೊಡುತ್ತಾಳೆ ಎಂದು ಕಾದರು. ಅವಳು ಹೇಳಿಕೊಡಲಿಲ್ಲ. ಎದ್ದು ಚೀಲದಿಂದ ಮಡಿಸಿದ ಬಿಳಿ ಕೋಟು ತೆಗೆದು ದೊಡ್ಡ ಮೇಡಂ ಮಡಿಲಲ್ಲಿಟ್ಟಳು. "ತೋಳು ಹರಿದಿತ್ತಲ್ಲ, ಹೊಲ್ದಿದೀನಿ."

"ಇಷ್ಟು ಅವಸರ ಏನಿತ್ತು?"

"ಯಾರ್ದೂ ಉಳಿಸ್ಕೋಬಾರ್ದು ಅಂತ."

"ಹುಷಾರು ಟೈಲರಮ್ಮ" ಎಂದು ದೊಡ್ಡ ಮೇಡಂ ಬಾಗಿಲು ಎಳೆದುಕೊಂಡರು. ಪಾಠ ಬಾಕಿಯಿತ್ತಲ್ಲ.

"ಏನು ಬಿಟ್ಟೆ, ನೀನೇ ಹೇಳು ನೋಡೋಣ."

"ಗೊತ್ತು ಮೇಡಂ." ಹುಡುಗಿಯ ಕಣ್ಣು ತುಂಬಿತ್ತು. "ಆದ್ರೆ ನೀವೂ ಕೇಳ್ಲಿಲ್ವಲ್ಲ."

"ನಾನು ಕೇಳಿದ್ರೆ ನೀನು ಕಲಿಯೋದ್ಯಾವಾಗ?"

"ಅವ್ರು ಅಳ್ಲೇ ಇಲ್ಲ ಮೇಡಂ. ನೀವು ಹಿಂದೆ ಕೂತಿದ್ರಿ, ನಿಮಗೆ ಕಾಣ್ಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ನನ್ ಮುಖಾನೇ ನೋಡ್ತಿದ್ರು, ನನಗೆ ಭಯ ಆಗಿ ಪ್ರಶ್ನೆ ಮರ್ತೋಯ್ತು."

ಅಷ್ಟರಲ್ಲಿ ಡಾಕ್ಟರು ಚಹಾದ ಲೋಟ ಹಿಡಿದುಕೊಂಡೇ ಇಣುಕಿದರು. "ಮುಂದಿನ ತಿಂಗ್ಳಿಗೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ ಮೇಡಂ. ನಿಮ್ ಟೈಲರಮ್ಮ ಊರಿಗೆ ಹೋಗ್ತಾರಂತೆ, ಮೂರು ತಿಂಗ್ಳ ಮಾತ್ರೆ ಒಟ್ಟಿಗೇ ಇಸ್ಕೊಂಡ್ರು."

"ಯಾವೂರಿಗೆ? ಅವಳಿಗೆ ಯಾರಿದಾರೆ ಡಾಕ್ಟ್ರೇ?"

ಡಾಕ್ಟರು ಲೋಟವನ್ನು ಕಿಟಕಿಯ ಮೇಲಿಟ್ಟರು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ.

ದೊಡ್ಡ ಮೇಡಂ ಮಂಡಿನೋವಿನವರು, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುವವರು. ಅವತ್ತು ಗೋಡೆ ಹಿಡಿಯದೆ ಇಳಿದರು. ಬೇಲಿಯ ಉದ್ದಕ್ಕೂ ಟೈಲರಮ್ಮನ ಮನೆಗೆ ಹೋಗುವ ರಸ್ತೆಯಲ್ಲಿ ಹುಡುಗಿ ಮುಂದೆ ಓಡಿದರೆ ಇವರು ಏದುಸಿರು ಬಿಡುತ್ತ ಹಿಂದೆ ಬಂದರು. ಪಂಕ್ಚರ್ ಅಂಗಡಿಯವನು "ಏನಾಯ್ತು ಮೇಡಂ?" ಎಂದು ಕೂಗಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತೆರೆದಿರಲಿ, ಬಾಗಿಲು ತೆರೆದಿರಲಿ ಎಂಬುದೊಂದೇ ತಲೆಯಲ್ಲಿತ್ತು.

ಬಾಗಿಲು ಅರ್ಧ ತೆರೆದಿತ್ತು. ಟೈಲರಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ಹೊಲಿದು ಮುಗಿಸಿದ ಶಾಲೆಯ ಅಂಗಿಗಳನ್ನು ಮಕ್ಕಳ ಹೆಸರಿನ ಚೀಟಿ ಚುಚ್ಚಿ ಒಂದರ ಮೇಲೊಂದು ಪೇರಿಸಿದ್ದಳು. ಮಾತ್ರೆಗಳು ನೀರಿನ ತಂಬಿಗೆಯ ಪಕ್ಕದಲ್ಲೇ ಇದ್ದವು. ಒಂದನ್ನೂ ಬಿಡಿಸಿರಲಿಲ್ಲ. ದೊಡ್ಡ ಮೇಡಂ ಕೇಳದೆಯೇ ಅವನ್ನೆಲ್ಲ ಬಾಚಿ ಹುಡುಗಿಯ ಕೈಗೆ ಕೊಟ್ಟು ಕೆಳಗೆ ಕೂತರು. ಕೂರುವಾಗ ಮಂಡಿ ಲಟಕ್ಕೆಂದಿತು.

"ಟೈಲರಮ್ಮ, ಸಾಯ್ಬೇಕು ಅನ್ಸುತ್ತಾ?"

ಅವಳು ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದಳು. "ಅದನ್ನ ಆ ಮಗು ಕೇಳ್ಬೇಕಿತ್ತಲ್ವಾ? ನೀವು ಕೇಳಿದ್ರೆ ಅವಳಿಗೆ ಮಾರ್ಕು ಹೋಗಲ್ವಾ?"

"ಮಾರ್ಕು ಹಾಳಾಗೋಗ್ಲಿ. ನಾನೇ ಕೇಳ್ತಿದೀನಿ."

"ಅನ್ಸುತ್ತೆ."

ದೊಡ್ಡ ಮೇಡಂ ಬಾಯಿ ತೆರೆದರು. ಈ ಉತ್ತರ ಬಂದಾಗ ಏನು ಹೇಳಬೇಕೆಂದು ಎಷ್ಟೋ ಹುಡುಗಿಯರಿಗೆ ಹೇಳಿಕೊಟ್ಟವರು.

"ಹೇಳಿದ್ದು ಒಳ್ಳೇದಾಯ್ತು ಅನ್ಬೇಕು ಈಗ" ಎಂದಳು ಟೈಲರಮ್ಮ. "ಆಮೇಲೆ, ನೀವು ಒಬ್ರೇ ಅಲ್ಲ ಅನ್ಬೇಕು." ದನಿಯಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ, ಎಂದಿನಂತೆ ಸಹಾಯಕ್ಕೇ ಬಂದಿದ್ದಳು. ದೊಡ್ಡ ಮೇಡಂಗೆ ಕೆನ್ನೆಗೆ ಹೊಡೆಸಿಕೊಂಡಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಯಾಕೆ ಟೈಲರಮ್ಮ? ಏನಾಯ್ತು?"

"ಅವತ್ತು ಬೆಳಿಗ್ಗೆ ನಮ್ಮೆಜಮಾನ್ರು ಮುಖ ತೊಳ್ಕೊಂಡು..." ಅದೇ ರಾಗ, ಅದೇ ಜಾಗದಲ್ಲಿ ಉಸಿರು.

"ಅದು ಬೇಡ."

ಅವಳು ತಬ್ಬಿಬ್ಬಾದಳು. ಏನಾದರೂ ಸಿಗುತ್ತದೋ ಎಂಬಂತೆ ಕೋಣೆಯ ಸುತ್ತ ಕಣ್ಣಾಡಿಸಿದಳು. ಹೊರಗೆ ಯಾವುದೋ ಲಾರಿ ಹಾದುಹೋಗಿ ಕಿಟಕಿ ಅದುರಿತು.

"ಅದು ಬಿಟ್ರೆ ನನ್ ಹತ್ರ ಏನೂ ಇಲ್ಲ ಮೇಡಂ" ಎಂದಳು ಕೊನೆಗೆ. "ಹೇಳೀ ಹೇಳೀ ನಮ್ಮೆಜಮಾನ್ರೇ ಸವ್ದೋದ್ರು. ಇದ್ದ ಒಂದು ಫೋಟೋನೂ ಗೇಟಿನ ಚೌಕಿಯೋರು ಹುಡುಕ್ತೀವಿ ಅಂತ ಇಸ್ಕೊಂಡ್ರು, ವಾಪಸ್ ಕೊಡ್ಲಿಲ್ಲ. ಮೊನ್ನೆ ಕಣ್ ಮುಚ್ಕೊಂಡು ನೆನೆಸ್ಕೊಂಡೆ. ಮುಖ ಬರ್ಲಿಲ್ಲ. ಎಷ್ಟು ಹೊತ್ತು ಕೂತ್ರೂ ಬರ್ಲಿಲ್ಲ. ನಿಮ್ ಹುಡ್ಗೀರ ಮುಖ ಬಂತು, ಒಬ್ಬೊಬ್ರದೇ. ಎಲ್ರೂ ನನ್ನೇ ನೋಡ್ಕೊಂಡು ಹೀಗ್ ಹೀಗೆ ತಲೆ ಆಡಿಸ್ತಾ ಕೂತಿದ್ರು."

ದೊಡ್ಡ ಮೇಡಂ ಅವಳ ಮುಖದಿಂದ ಕಣ್ಣು ಕೀಳದೆ ಕೇಳುತ್ತಿದ್ದರು. ಬಾಗಿಲಲ್ಲಿದ್ದ ಹುಡುಗಿ ಮೆಲ್ಲಗೆ "ಮೇಡಂ" ಎಂದಾಗಲೇ, ಇಷ್ಟು ಹೊತ್ತೂ ತಮ್ಮ ತಲೆಯೂ ಹಾಗೇ ಆಡುತ್ತಿತ್ತೆಂದು ಅವರಿಗೆ ಗೊತ್ತಾದದ್ದು. ಎರಡೂ ಕೈಯಿಂದ ಗಲ್ಲ ಹಿಡಿದು ನಿಲ್ಲಿಸಿಕೊಂಡರು.